ಏಳು ವಾರ ತಡ ಆಯ್ತು ಅಂತ ಅತ್ತೆಯ ಅರ್ಜಿ ವಜಾ: ಗಡುವು ನಮಗೆ ಮಾತ್ರಾನಾ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

2025ರ ಜನವರಿ 15, ಸಂಕ್ರಾಂತಿಯ ಮರುದಿನ. ನಮ್ಮ ಅತ್ತೆಯ ಯಜಮಾನರು ಡೇರಿಗೆ ಹಾಲು ಹಾಕಿ ಸೈಕಲ್ಲಿನಲ್ಲಿ ವಾಪಸ್ ಬರುತ್ತಿದ್ದರು. ಹಿಂದಿನಿಂದ ಟೆಂಪೋ ಗುದ್ದಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು, ಉಳಿಯಲಿಲ್ಲ. ಎಫ್‌ಐಆರ್ ಆಯಿತು. ಟೆಂಪೋಗೆ ಇನ್ಶೂರೆನ್ಸ್ ಇತ್ತು. ಊರಿನವರೆಲ್ಲ "ಪರಿಹಾರ ಬಂದೇ ಬರುತ್ತೆ, ಚಿಂತೆ ಮಾಡಬೇಡಮ್ಮ" ಅಂದರು.

ಆಮೇಲೆ ಶುರುವಾಯಿತು ಕಾಗದದ ಕಥೆ. ಆಧಾರ್‌ನಲ್ಲಿ ಮಾವನ ಹೆಸರಿನ ಕೊನೆಗೆ 'ಅಪ್ಪ' ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ಮರಣ ಪ್ರಮಾಣಪತ್ರದಲ್ಲಿ ಇವೆರಡೂ ಅಲ್ಲದ ಮೂರನೇ ಥರ. ಅದನ್ನು ಸರಿ ಮಾಡಿಸುವುದಕ್ಕೇ ಎರಡು ತಿಂಗಳು ಹೋಯಿತು. ವಂಶವೃಕ್ಷಕ್ಕೆ ನಾಡಕಚೇರಿಗೆ ಐದು ಸಲ ಅಲೆದೆವು. ವಕೀಲರು "ಚಾರ್ಜ್‌ಶೀಟ್ ಕಾಪಿ ಬರಲಿ, ಎಲ್ಲ ಒಟ್ಟಿಗೆ ಹಾಕೋಣ" ಅಂದರು. ನಾವೂ ಸರಿ ಅಂದೆವು. ಸೆಪ್ಟೆಂಬರ್ 2ಕ್ಕೆ ಅಪಘಾತ ಪರಿಹಾರದ ಅರ್ಜಿ ಕೇಳುವ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದರು. ಅಕ್ಟೋಬರ್ ಕೊನೆಯ ವಾರ ವಜಾ ಆಯಿತು. ಕಾರಣ, ಅಪಘಾತ ಆಗಿ ಆರು ತಿಂಗಳೊಳಗೆ ಅರ್ಜಿ ಬಂದಿಲ್ಲ. ಕ್ಯಾಲೆಂಡರ್ ಹಿಡಿದು ಎಣಿಸಿದೆ. ಜುಲೈ 15ಕ್ಕೆ ಗಡುವು ಮುಗಿದಿತ್ತು. ಸರಿಯಾಗಿ ಏಳು ವಾರ ತಡ.

ಟೆಂಪೋ ಗುದ್ದಿಲ್ಲ ಅಂತ ಯಾರೂ ಹೇಳಲಿಲ್ಲ. ಮಾವ ಸತ್ತಿಲ್ಲ ಅಂತಲೂ ಹೇಳಲಿಲ್ಲ. ಅತ್ತೆ ಕೋರ್ಟ್ ಹಾಲಿಗೆ ಹೋದದ್ದು ಒಂದೇ ಸಲ. ಸೆರಗು ಹೊದ್ದು ಬಾಗಿಲ ಹತ್ತಿರ ಬೆಳಿಗ್ಗೆಯಿಂದ ನಿಂತಿದ್ದರು. ಕೇಸ್ ಕೂಗಿದರು, ಎರಡು ನಿಮಿಷ ಇಂಗ್ಲಿಷಿನಲ್ಲಿ ಏನೋ ಮಾತಾಡಿದರು, ಮುಂದಿನ ಕೇಸ್ ಕೂಗಿದರು. ಅತ್ತೆಯನ್ನು ಯಾರೂ ಏನೂ ಕೇಳಲಿಲ್ಲ.

ಇದಕ್ಕೆ ದಾರಿ ಇದೆಯಾ? ಇಲ್ಲ ಅಂದರೆ ಇಲ್ಲ ಅಂತಾದರೂ ಹೇಳಿ.

ಕರಿಕೋಟು

ನಾನು ಮೋಟಾರು ಅಪಘಾತದ ಕೇಸುಗಳನ್ನೇ ಜಾಸ್ತಿ ನಡೆಸುವವನು. ದಾರಿ ಇದೆ. ವಜಾ ಆದೇಶದ ಮೇಲೆ ಹೈಕೋರ್ಟಿಗೆ ಅಪೀಲು ಹಾಕಬಹುದು. 90 ದಿನ ಸಮಯ ಇದೆ. ಆದೇಶದ ಸರ್ಟಿಫೈಡ್ ಕಾಪಿಗೆ ಇವತ್ತೇ ಅರ್ಜಿ ಕೊಡಿ.

ಈ ಆರು ತಿಂಗಳ ಹಿಂದೆ ಒಂದು ಕಥೆ ಇದೆ. 1988ರಲ್ಲಿ ಮೋಟಾರು ವಾಹನ ಕಾಯ್ದೆ ಬಂದಾಗ ಆರು ತಿಂಗಳ ಗಡುವು ಇತ್ತು. ಸರಿಯಾದ ಕಾರಣ ಕೊಟ್ಟರೆ ಒಂದು ವರ್ಷದವರೆಗೆ ತಗೋಬಹುದಿತ್ತು. ಆಸ್ಪತ್ರೆಯಲ್ಲಿ ಮಲಗಿದವರು, ಗಂಡನನ್ನು ಕಳೆದುಕೊಂಡವರು ಗಡುವು ಮೀರಿ ಬರುವುದು ಮಾಮೂಲಾಯಿತು. 1994ರ ತಿದ್ದುಪಡಿಯಲ್ಲಿ ಗಡುವನ್ನೇ ಕಿತ್ತು ಹಾಕಿದರು. ಆಮೇಲೆ 27 ವರ್ಷ ಗಡುವೇ ಇರಲಿಲ್ಲ. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿ. ಈ ಸಲ ಆರು ತಿಂಗಳು ಅಂದರೆ ಆರೇ ತಿಂಗಳು. ತಡವನ್ನು ಮನ್ನಿಸುವ ಮಾತೇ ಈ ಗಡುವು ಇರುವ 166ನೇ ಸೆಕ್ಷನ್‌ನಲ್ಲಿ ಇಲ್ಲ. ತಮಾಷೆ ನೋಡಿ, ಅಪೀಲು ತಡವಾದರೆ ಹೈಕೋರ್ಟ್ ಮನ್ನಿಸಬಹುದು. ಮೊದಲ ಅರ್ಜಿ ತಡವಾದರೆ ಟ್ರಿಬ್ಯೂನಲ್ ಕೈಯಲ್ಲಿ ಏನೂ ಇಲ್ಲ.

ಈ ಸೆಕ್ಷನ್ನನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳಿವೆ. 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಆರು ತಿಂಗಳು ಮೀರಿದೆ ಅನ್ನುವ ಒಂದೇ ಕಾರಣಕ್ಕೆ ಟ್ರಿಬ್ಯೂನಲ್ ಆಗಲಿ ಹೈಕೋರ್ಟ್ ಆಗಲಿ ಸದ್ಯಕ್ಕೆ ವಜಾ ಮಾಡಬಾರದು ಅಂತ. ನಿಮ್ಮ ಅತ್ತೆಯದು ಅದಕ್ಕಿಂತ ಸ್ವಲ್ಪ ಮುಂಚೆ ವಜಾ ಆಗಿದೆ. ನಸೀಬು ಅನ್ನಬೇಕು. ಅಪೀಲಿನಲ್ಲಿ ಇದೇ ನಿಮ್ಮ ಮುಖ್ಯ ಆಧಾರ.

ಗುಬ್ಬಿಗೂಡು

ಅಲ್ಲ ಸರ್, ಚಾರ್ಜ್‌ಶೀಟ್ ಬರೋವರೆಗೆ ಕಾಯಿರಿ ಅಂದ ವಕೀಲರ ಮೇಲೆ ಗ್ರಾಹಕ ಕೋರ್ಟಿಗೆ ಹೋಗಬಹುದಲ್ವಾ? ಫೀಸು ತಗೊಂಡಿದ್ದಾರೆ ತಾನೆ?

ಕರಿಕೋಟು

ಆಗಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ಹೇಳಿದೆ. ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು, ಸಿವಿಲ್ ದಾವೆ ಹಾಕಬಹುದು. ಆ ದಾವೆಗೂ ಗಡುವಿದೆ, ನಗಬೇಡಿ.

ಆದರೆ ವಕೀಲರ ತಪ್ಪಿಗೆ ಕಕ್ಷಿದಾರ ಶಿಕ್ಷೆ ಅನುಭವಿಸಬಾರದು ಅಂತ 1981ರಲ್ಲೇ ರಫೀಕ್ ಪ್ರಕರಣದಲ್ಲಿ ತೀರ್ಪಾಗಿದೆ. ಆ ಮನುಷ್ಯ ಹಳ್ಳಿಯವನು. ವಕೀಲರನ್ನು ಇಟ್ಟು, ಹಣ ಕೊಟ್ಟು, ನಂಬಿ ಊರಲ್ಲಿದ್ದ. ವಕೀಲರು ಹಾಜರಾಗಲಿಲ್ಲ, ಅಪೀಲು ವಜಾ ಆಯಿತು. ಸುಪ್ರೀಂ ಕೋರ್ಟ್ ಅದನ್ನು ಮತ್ತೆ ತೆರೆಸಿತು. ಹಾಗಂತ ಪ್ರತಿ ಸಲ ಈ ಆಧಾರ ಗೆಲ್ಲುತ್ತೆ ಅಂತ ನಾನು ಹೇಳಲ್ಲ. "ಕಕ್ಷಿದಾರನೂ ಕೇಸಿನ ಮೇಲೆ ಒಂದು ಕಣ್ಣಿಡಬೇಕಿತ್ತು" ಅಂತ ಹೇಳಿದ ಆದೇಶಗಳೂ ಬೇಕಾದಷ್ಟಿವೆ.

ಮಾವಿನತೋಪು

ನಾನು ಇಲ್ಲಿ ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಯಬೇಡಿ.

2006ರಲ್ಲಿ ನಾನು ಮೂರು ಎಕರೆ ತೋಪು ಕೊಂಡೆ. ಪಹಣಿ, ಮ್ಯುಟೇಷನ್ ಎಲ್ಲ ಸರಿ ಇತ್ತು. ಆರು ವರ್ಷದ ಮೇಲೆ ಮಾರಿದವರ ದಾಯಾದಿಗಳು ಪಾಲು ಕೇಳಿ ದಾವೆ ಹಾಕಿದರು. ನಾನು ಗೆದ್ದೆ. ಸಿಹಿ ಹಂಚಿದ್ದೂ ಆಯಿತು. ಮೂರು ವರ್ಷ ಕಳೆದ ಮೇಲೆ ಒಂದು ನೋಟಿಸ್. ಅವರು ಅಪೀಲು ಹಾಕಿದ್ದಾರೆ, 1,140 ದಿನ ತಡವಾಗಿ. ಕಾರಣ, ಮಂಡಿನೋವು. ಅದಕ್ಕೊಂದು ಡಾಕ್ಟರ್ ಸರ್ಟಿಫಿಕೇಟು. ಅದೇ ಮಂಡಿ ಇಟ್ಟುಕೊಂಡು ಆ ಮನುಷ್ಯ ಜಾತ್ರೆಯಲ್ಲಿ ತೇರು ಎಳೆದದ್ದನ್ನು ನಾನೇ ನೋಡಿದ್ದೇನೆ. ಎರಡು ಸಾವಿರ ರೂಪಾಯಿ ಖರ್ಚು ಕೊಡಿಸಿ ತಡ ಮನ್ನಿಸಿದರು.

ಅಂದಿನಿಂದ ಬ್ಯಾಂಕಿನವರು ಸಾಲ ಕೊಡ್ತಿಲ್ಲ. 'ದಾವೆ ಇದೆ' ಅಂತಾರೆ. ಬೋರ್‌ವೆಲ್ ಕೊರೆಸೋಕೆ ಧೈರ್ಯ ಬರಲ್ಲ. ಗಡುವು ಸಡಿಲ ಮಾಡಿ ಅಂತ ಎಲ್ಲರೂ ಹೇಳ್ತೀರಿ. ಸಡಿಲ ಮಾಡಿದ್ದರ ಭಾರ ಯಾರ ಹೆಗಲಿಗೆ ಬೀಳುತ್ತೆ ಅಂತ ಯಾರೂ ಕೇಳಲ್ಲ. ಕೆರೆಏರಿ ಅವರೇ, ನಿಮ್ಮ ಅತ್ತೆಯ ವಿಷಯದಲ್ಲಿ ನನಗೂ ಹೊಟ್ಟೆ ಉರಿಯುತ್ತೆ. ಆದರೆ ನಿಯಮವೇ ಬೇಡ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಕೆರೆಏರಿ

ಇಲ್ಲ ಸರ್, ನಿಯಮ ಬೇಡ ಅಂತ ನಾನೂ ಹೇಳಲ್ಲ. ನಿಮ್ಮ ಎದುರಿಯ ಮಂಡಿನೋವಿಗೆ 1,140 ದಿನ ಸಿಕ್ಕಿತು. ನಮ್ಮತ್ತೆಗೆ 49 ದಿನ ಸಿಗಲಿಲ್ಲ. ಎರಡೂ ಇದೇ ದೇಶದ ಕೋರ್ಟೇ ಅಲ್ವಾ?

ಲಾ_ಮೂರನೇವರ್ಷ

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಲಿಮಿಟೇಷನ್ ಕಾಯ್ದೆಯ 5ನೇ ಸೆಕ್ಷನ್ ಅಪೀಲು ಮತ್ತು ಅರ್ಜಿಗಳ ತಡವನ್ನು ಮನ್ನಿಸುತ್ತದೆ. ಅಸಲು ದಾವೆಗೆ ಅದು ಅನ್ವಯಿಸಲ್ಲ. ದಾವೆ ಒಂದು ದಿನ ತಡವಾದರೂ ಬಾಗಿಲು ಮುಚ್ಚಿತು. ಅಂದರೆ ಮೊದಲ ಸಲ ಕೋರ್ಟ್ ಮೆಟ್ಟಿಲು ಹತ್ತುವವನಿಗೆ ಕಟ್ಟುನಿಟ್ಟು, ಒಳಗೆ ಹೋಗಿ ಪಳಗಿದವನಿಗೆ ಸ್ವಲ್ಪ ಸಡಿಲ.

ಇನ್ನೊಂದು ವಿಷಯ. ತಡ ಮನ್ನಿಸುವಾಗ ಕೋರ್ಟುಗಳು ಉದಾರ ಆಗಿರಬೇಕು ಅಂತ ಹೇಳೋಕೆ ಎಲ್ಲರೂ 1987ರ ಕಾತಿಜಿ ತೀರ್ಪನ್ನೇ ಎತ್ತಿ ಓದುತ್ತಾರೆ. ನಮ್ಮ ಕ್ಲಾಸಿನಲ್ಲೂ ಹಾಗೇ ಪಾಠ ಮಾಡಿದರು. ಮೂಲ ತೀರ್ಪು ಓದಿದಾಗ ನನಗೆ ಆಶ್ಚರ್ಯ ಆಯಿತು. ಅಲ್ಲಿ ತಡ ಮಾಡಿದ್ದು ಬಡವ ಅಲ್ಲ, ಸರ್ಕಾರ. ಜಮೀನು ಕಳೆದುಕೊಂಡವರಿಗೆ ಪರಿಹಾರ ಹೆಚ್ಚಿಸಿದ್ದರ ವಿರುದ್ಧ ಕಲೆಕ್ಟರು ನಾಲ್ಕು ದಿನ ತಡವಾಗಿ ಅಪೀಲು ಹಾಕಿದ್ದರು! 2012ರಲ್ಲಿ ಅಂಚೆ ಇಲಾಖೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಗದರಿತು. 427 ದಿನ ತಡ, ಕಾರಣ ಫೈಲು ಟೇಬಲಿನಿಂದ ಟೇಬಲಿಗೆ ಹೋಗ್ತಿತ್ತು ಅಂತ. ಇನ್ನು ಈ ಕಾರಣ ನಡೆಯಲ್ಲ ಅಂದರು.

ಮಾವಿನತೋಪು ಅವರ ಮಾತಿನಲ್ಲೂ ನ್ಯಾಯ ಇದೆ. ಕಟ್ಟುನಿಟ್ಟು ಸಣ್ಣವರನ್ನು ಕಾಪಾಡಿದ್ದೂ ಉಂಟು. ಗ್ರಾಹಕ ಕೋರ್ಟಿನಲ್ಲಿ ಎದುರಿ ಉತ್ತರ ಕೊಡಲು 30 ದಿನ, ಇನ್ನೂ ಬೇಕಾದರೆ 15. ಅಲ್ಲಿಗೆ ಮುಗಿಯಿತು. 46ನೇ ದಿನ ಇಲ್ಲ ಅಂತ 2020ರ ಮಾರ್ಚ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸಿನಲ್ಲಿ ಹೆಚ್ಚಿನ ಸಮಯ ಬೇಕು ಅಂದದ್ದು ಇನ್ಶೂರೆನ್ಸ್ ಕಂಪನಿ.

ಹಳೇ_ಶಿರಸ್ತೇದಾರ

31 ವರ್ಷ ಕೋರ್ಟ್ ಆಫೀಸಿನಲ್ಲಿ ಕೂತು ನಿವೃತ್ತನಾದವನು ನಾನು. ನೀವೆಲ್ಲ ತೀರ್ಪುಗಳ ಮಾತಾಡ್ತಿದ್ದೀರಿ. ಬಹಳ ಜನರ ಕೇಸು ಜಡ್ಜ್ ಸಾಹೇಬರ ಮುಂದೆ ಹೋಗುವ ಮೊದಲೇ ನಮ್ಮ ಟೇಬಲಿನ ಮೇಲೆ ಸುಸ್ತಾಗಿ ಬೀಳುತ್ತದೆ. ಪುಟದ ನಂಬರ್ ಇಲ್ಲ, ಆಕ್ಷೇಪಣೆ. ಜೆರಾಕ್ಸ್ ಮಸುಕು, ಆಕ್ಷೇಪಣೆ. ವಕಾಲತ್ತಿಗೆ ವಕೀಲರ ಕಲ್ಯಾಣ ನಿಧಿಯ ಸ್ಟ್ಯಾಂಪ್ ಹಚ್ಚಿಲ್ಲ, ಆಕ್ಷೇಪಣೆ. ಕೆಂಪು ಪೆನ್ನು ನಮ್ಮದು.

ಒಂದು ಸಂಜೆ ನೆನಪಿದೆ. ಮುಚ್ಚುವ ಹೊತ್ತು. ಒಬ್ಬ ಅಜ್ಜ, ಗೊಬ್ಬರದ ಚೀಲ ಹೊಲಿದು ಮಾಡಿದ ಕೈಚೀಲದಲ್ಲಿ ಕಾಗದ ತಂದಿದ್ದರು. ಅವರಿಗೆ ಅವತ್ತೇ ಕೊನೆಯ ದಿನ. ಕೋರ್ಟ್ ಫೀಸು 40 ರೂಪಾಯಿ ಕಡಿಮೆ. ಸ್ಟ್ಯಾಂಪ್ ಮಾರುವವನು ಬಾಗಿಲು ಹಾಕಿ ಹೋಗಿದ್ದ. ನನ್ನ ಜೊತೆಯವನು "ನಾಳೆ ಬನ್ನಿ" ಅಂದ. ನಾಳೆ ಬಂದಿದ್ದರೆ ಅವರ ಕಥೆ ಮುಗಿಯುತ್ತಿತ್ತು. ನಾನು ತಗೊಂಡು, ಅವತ್ತಿನ ತಾರೀಕಿನ ಮೊಹರು ಒತ್ತಿ, ಕೆಳಗೆ 'ಫೀಸು ಕೊರತೆ' ಅಂತ ಬರೆದೆ. ಫೀಸಿನ ಕೊರತೆಯನ್ನು ಆಮೇಲೆ ತುಂಬಿಸಲು ಕೋರ್ಟ್ ಅವಕಾಶ ಕೊಡಬಹುದು, ಸಿವಿಲ್ ಪ್ರೊಸೀಜರ್ ಕೋಡ್‌ನಲ್ಲೇ ಇದೆ, 149ನೇ ಸೆಕ್ಷನ್. ಇದು ದಯೆ ಅಲ್ಲ, ಕಾನೂನು. ನಮ್ಮ ಟೇಬಲುಗಳಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿತ್ತು, ಕೇಳಬೇಡಿ.

ಅದಕ್ಕೇ ಹೇಳೋದು. ಕಾಗದ ಅರ್ಧಂಬರ್ಧ ಇದ್ದರೂ ಮೊದಲು ಮೊಹರು ಒತ್ತಿಸಿಕೊಳ್ಳಿ. ತಪ್ಪನ್ನು ಆಮೇಲೆ ತಿದ್ದಬಹುದು, ತಾರೀಕನ್ನು ತಿದ್ದೋಕಾಗಲ್ಲ.

ಇನ್ನು ನೋಟಿಸ್ ಜಾರಿ. ಅಮೀನ ಊರಿಗೆ ಹೋಗೋದು ಮಧ್ಯಾಹ್ನ. ಮನೆಯವರು ಹೊಲಕ್ಕೆ ಹೋಗಿರ್ತಾರೆ. 'ಬೀಗ ಹಾಕಿತ್ತು, ಬಾಗಿಲಿಗೆ ಅಂಟಿಸಿದೆ' ಅಂತ ಬರೆದು ತರ್ತಾನೆ. ರಾತ್ರಿ ಮಳೆ ಬಂದರೆ ಆ ಕಾಗದ ಎಲ್ಲಿರುತ್ತೆ? ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಇವರು ಹಾಜರಿಲ್ಲದೆಯೇ ತೀರ್ಪು ಆಗಿ, ಅಮಲ್ಜಾರಿಗೆ ಬಂದಾಗಲೇ ಆ ಮನೆಯವರಿಗೆ ಕೇಸ್ ಇದ್ದದ್ದು ಗೊತ್ತಾಗೋದು. ಸಮನ್ಸ್ ಸರಿಯಾಗಿ ಜಾರಿ ಆಗಿಲ್ಲ ಅಂದರೆ, ಗೊತ್ತಾದ ದಿನದಿಂದ 30 ದಿನದೊಳಗೆ ಆ ಡಿಕ್ರಿ ರದ್ದು ಮಾಡಿ ಅಂತ ಕೇಳಬಹುದು. ಹೆದರಿ ಮನೆಯಲ್ಲಿ ಕೂತರೆ ಆ 30 ದಿನವೂ ಹೋಯಿತು.

ಅಡಿಕೆಪಟ್ಟೆ

ಶಿರಸ್ತೇದಾರ್ ಸರ್, ಆ ಅಜ್ಜನ ಪರವಾಗಿ ನಾನೊಂದು ನಮಸ್ಕಾರ ಹೇಳ್ತೀನಿ.

ನಮ್ಮ ಮನೆಯದು ಹಳೇ ಗಾಯ. ಭೂಸುಧಾರಣೆ ಬಂದಾಗ ಉಳುವ ಜಮೀನು ತಮ್ಮ ಹೆಸರಿಗೆ ಆಗಬೇಕು ಅಂದರೆ ಗೇಣಿದಾರರು ಫಾರಂ ನಂಬರ್ 7 ಕೊಡಬೇಕಿತ್ತು. ಕೊನೆಯ ದಿನ 1979ರ ಜೂನ್ 30. ನಮ್ಮ ತಾತನಿಗೆ ಒಡೆಯರು "ನಾನಿರೋವಾಗ ನಿನಗ್ಯಾಕೆ ಕಾಗದ" ಅಂದಿದ್ದರಂತೆ. ತಾತ ಕೊಡಲಿಲ್ಲ. ಪಕ್ಕದ ಮನೆಯವರು ಕೊಟ್ಟರು. ಅವರ ಮೊಮ್ಮಕ್ಕಳು ಈಗ ತೋಟದ ಮಾಲೀಕರು. ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೀನಿ. ಎರಡೂ ಮನೆಯವರು ಉತ್ತದ್ದು ಒಂದೇ ಬಯಲಲ್ಲಿ. 90ರ ದಶಕದ ಕೊನೆಗೆ ಬಿಟ್ಟುಹೋದವರಿಗೆ ಅಂತ ಫಾರಂ 7ಎ ತಂದರು. ಅಷ್ಟು ಹೊತ್ತಿಗೆ ತಾತನೂ ಇರಲಿಲ್ಲ, ಗೇಣಿ ಚೀಟಿಯೂ ಇರಲಿಲ್ಲ.

ಕೋಲಾರದ_ಗಾಳಿ

ಇದರ ಉಲ್ಟಾ ಕಥೆ ಪಿಟಿಸಿಎಲ್‌ದು. ದಲಿತರಿಗೆ ಮಂಜೂರಾದ ಜಮೀನು ಪರಭಾರೆ ಆದರೆ ವಾಪಸ್ ಕೊಡಿಸುವ 1978ರ ಕಾಯ್ದೆ. ಅದರಲ್ಲಿ ಅರ್ಜಿಗೆ ಗಡುವೇ ಬರೆದಿರಲಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ, ಗಡುವು ಬರೆಯದಿದ್ದರೂ 'ಸಮಂಜಸ ಸಮಯ'ದೊಳಗೆ ಬರಬೇಕು ಅಂತು. ಆಮೇಲೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟುಗಳಲ್ಲಿ ಅರ್ಜಿಗಳು ಸಾಲಾಗಿ ವಜಾ ಆದವು. ಹೋರಾಟ ನಡೆದು 2023ರಲ್ಲಿ ವಿಧಾನಸಭೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಬರೆಯಿತು. ಆದರೂ 2024ರಲ್ಲಿ ಹೈಕೋರ್ಟ್ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿನಾಕಾರಣ ವಿಳಂಬ ಬೇರೆ ಅಂತ ಹೇಳಿತು. ಬರೆಯದೆ ಇರುವ ಗಡುವನ್ನು ಹೇಗೆ ಪಾಲಿಸೋದು, ನೀವೇ ಹೇಳಿ.

ಮಾವಿನತೋಪು

ಅಲ್ಲಿ ದುಡ್ಡು ಕೊಟ್ಟು ಕೊಂಡು ಮನೆ ಕಟ್ಟಿದವರ ಕಥೆಯೂ ಇದೆ ಕಣ್ರೀ. ಇರಲಿ, ಅದು ಬೇರೆಯೇ ಜಗಳ ಆಗುತ್ತೆ. ಇಲ್ಲಿ ಬೇಡ.

ಥೇಮ್ಸ್_ದಂಡೆ

ಲಂಡನ್ನಿನಿಂದ ಬರೀತಿದ್ದೀನಿ. ಇಲ್ಲಿ ಒಂದು ವಕೀಲರ ಆಫೀಸಿನಲ್ಲಿ ಕೆಲಸ. ಇಲ್ಲೂ ಇದೇ ಹಾಡು. ಬಾರ್ಟನ್ ಅನ್ನುವವರು ವಕೀಲರಿಲ್ಲದೆ ತಾವೇ ಕೇಸ್ ಹಾಕಿದ್ದರು. ಗಡುವಿನ ಕೊನೆಗೆ ಕ್ಲೇಮ್ ಫಾರಂ ಅನ್ನು ಎದುರಿಯ ವಕೀಲರಿಗೆ ಇಮೇಲ್ ಮಾಡಿದರು. ಇಮೇಲ್ ತಲುಪಿತು, ಅವರು ಓದಿದರು. ಆದರೆ 'ಇಮೇಲ್‌ನಲ್ಲಿ ತಗೋತೀವಿ' ಅಂತ ಅವರು ಮೊದಲೇ ಒಪ್ಪಿರಲಿಲ್ಲ. ನಿಯಮದ ಪ್ರಕಾರ ಅದು ಜಾರಿ ಅಲ್ಲ, ಕೇಸ್ ಹೋಯಿತು. 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಮೂರಕ್ಕೆ ಎರಡರಂತೆ ತೀರ್ಪು ಕೊಟ್ಟಿತು. ವಕೀಲರಿಲ್ಲ ಅನ್ನೋದು ನಿಯಮ ತಪ್ಪಿಸೋಕೆ ಕಾರಣ ಅಲ್ಲ ಅಂತ. ಐದರಲ್ಲಿ ಇಬ್ಬರಿಗೆ ಅದು ಸರಿ ಕಾಣಲಿಲ್ಲ ಅನ್ನೋದನ್ನು ಗಮನಿಸಿ.

ಕರಿಕೋಟು

ಎಲ್ಲರೂ ಮರೆತ ಒಂದು ವಿಷಯ ಈಗ ಹೇಳ್ತೀನಿ. ನಾನೂ ಮೊದಲ ಉತ್ತರದಲ್ಲಿ ಮರೆತಿದ್ದೆ, ಮನೆಗೆ ಹೋಗುವಾಗ ನೆನಪಾಯಿತು.

ಆರು ತಿಂಗಳ ಗಡುವು ತಂದ ಅದೇ 2019ರ ತಿದ್ದುಪಡಿ ಪೊಲೀಸರಿಗೂ ಗಡುವು ಹಾಕಿದೆ. 159ನೇ ಸೆಕ್ಷನ್. ತನಿಖಾಧಿಕಾರಿ ಅಪಘಾತದ ಮಾಹಿತಿ ವರದಿಯನ್ನು ಮೂರು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಕಳಿಸಬೇಕು. 2022ರ ನಿಯಮಗಳ ಪ್ರಕಾರ ಮೊದಲ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ. ಇನ್ನು 166ರ ನಾಲ್ಕನೇ ಉಪಸೆಕ್ಷನ್ ಓದಿ. ಪೊಲೀಸರು ಕಳಿಸಿದ ಆ ವರದಿಯನ್ನೇ ಟ್ರಿಬ್ಯೂನಲ್ ಪರಿಹಾರದ ಅರ್ಜಿ ಅಂತ ಪರಿಗಣಿಸಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ.

ಅರ್ಥ ಆಯ್ತಾ? ಪೊಲೀಸರು ತಮ್ಮ ಕೆಲಸ ಮಾಡಿದ್ದರೆ ಏಪ್ರಿಲ್ ಮಧ್ಯಕ್ಕೇ ನಿಮ್ಮ ಅತ್ತೆಯ ಅರ್ಜಿ ಟ್ರಿಬ್ಯೂನಲ್‌ನಲ್ಲಿ ಇರುತ್ತಿತ್ತು. ವಕೀಲರೂ ಬೇಕಿರಲಿಲ್ಲ, ಚಾರ್ಜ್‌ಶೀಟ್ ಕಾಯುವುದೂ ಬೇಕಿರಲಿಲ್ಲ. ಸ್ಟೇಷನ್‌ಗೆ ಹೋಗಿ ಆ ವರದಿ ಏನಾಯಿತು ಅಂತ ಕೇಳಿ.

ಗುಬ್ಬಿಗೂಡು

ಪೊಲೀಸರು 90 ದಿನ ಮೀರಿದರೆ ಏನು ವಜಾ ಆಗುತ್ತೆ ಸರ್?

ಹಳೇ_ಶಿರಸ್ತೇದಾರ

ಏನೂ ಇಲ್ಲಮ್ಮ. ಹಾಗೆ ನೋಡಿದರೆ ಕೋರ್ಟಿಗೂ ಗಡುವುಗಳಿವೆ. ವಾದ ಮುಗಿದ ಮೇಲೆ 30 ದಿನದೊಳಗೆ ತೀರ್ಪು, ತೀರಾ ಅಂದರೆ 60 ದಿನ ಅಂತ ಪ್ರೊಸೀಜರ್ ಕೋಡ್ ಹೇಳುತ್ತೆ. ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬೇಡಿ ಅಂತಲೂ ಇದೆ. ನಾನು ಡೈರಿಯಲ್ಲಿ ಬರೆದ ವಾಯಿದೆಗಳನ್ನು ಲೆಕ್ಕ ಹಾಕಿದರೆ ನಗು ಬರುತ್ತೆ. ಆ ಗಡುವುಗಳಿಗೆಲ್ಲ 'ಮಾರ್ಗದರ್ಶಿ' ಅಂತ ಹೆಸರು. ಅರ್ಜಿದಾರನ ಗಡುವಿಗೆ ಮಾತ್ರ 'ಕಡ್ಡಾಯ' ಅಂತ ಹೆಸರು.

ಲಾ_ಮೂರನೇವರ್ಷ

ಒಂದೇ ಒಂದು ಸಲ ಎಲ್ಲರ ಗಡುವೂ ಒಟ್ಟಿಗೆ ನಿಂತಿತ್ತು. ಕೋವಿಡ್‌ನಲ್ಲಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದಲೇ ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಆಕಾಶ ಏನೂ ಕಳಚಿ ಬೀಳಲಿಲ್ಲ. ದೇಶಕ್ಕೇ ಕಷ್ಟ ಬಂದರೆ ಗಡಿಯಾರ ನಿಲ್ಲುತ್ತೆ, ಒಂದು ಮನೆಗೆ ಬಂದರೆ ನಿಲ್ಲಲ್ಲ.

ಕೆರೆಏರಿ ಅಣ್ಣ, ವಕೀಲರ ಫೀಸಿನ ಚಿಂತೆ ಇದ್ದರೆ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ, ಉಚಿತ ವಕೀಲರು ಸಿಗ್ತಾರೆ. ಹೈಕೋರ್ಟಿನಲ್ಲೂ ಸಮಿತಿ ಇದೆ. ಸಹಾಯವಾಣಿ 15100.

ಕೆರೆಏರಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅತ್ತೆಯನ್ನು ಕರೆದುಕೊಂಡು ಸ್ಟೇಷನ್‌ಗೆ ಹೋಗಿದ್ದೆ. ರೈಟರ್ ಒಳ್ಳೆಯವರೇ. ಕೂರಿಸಿ, ನೀರು ಕೊಟ್ಟು, ಕಂಪ್ಯೂಟರ್ ನೋಡಿದರು. "ಮೊದಲ ವರದಿ ಹಾಕಿದ್ದೀವಿ. ವಿವರವಾದದ್ದು ಹಿಂದಿನ ಸಾಹೇಬರ ಕಾಲದ್ದು, ಅವರಿಗೆ ಟ್ರಾನ್ಸ್‌ಫರ್ ಆಗಿದೆ" ಅಂದರು. ಟ್ರಿಬ್ಯೂನಲ್‌ಗೆ ಹೋಗಿದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಆರ್‌ಟಿಐ ಹಾಕಿದ್ದೀನಿ. ಅದಕ್ಕೆ 30 ದಿನ ಅಂತೆ. ಅಪೀಲಿಗೆ ಇರುವ ನಮ್ಮ 90 ದಿನದಲ್ಲಿ 41 ದಿನ ಆಗಲೇ ಹೋಗಿದೆ. ಆರ್‌ಟಿಐ ಉತ್ತರ ಬಂದ ಮೇಲೆ ಅಪೀಲು ಹಾಕಿದರೆ ಗಟ್ಟಿಯಾಗುತ್ತೆ ಅಲ್ವಾ?

ಕರಿಕೋಟು

ಅಯ್ಯೋ, ಬೇಡ ಮಾರಾಯ್ರೆ! ಚಾರ್ಜ್‌ಶೀಟಿಗೆ ಕಾದ ಹಾಗೇ ಆಗುತ್ತೆ. ಅಪೀಲು ಮೊದಲು ಹಾಕಿ. ಆರ್‌ಟಿಐ ಉತ್ತರ ಬಂದ ಮೇಲೆ ಅದನ್ನು ಹಾಜರುಪಡಿಸೋಕೆ ಬೇರೆ ಅರ್ಜಿ ಕೊಟ್ಟರಾಯಿತು.

ಹಳೇ_ಶಿರಸ್ತೇದಾರ

ಮೊದಲು ಮೊಹರು!

ಕೆರೆಏರಿ

ಸರಿ ಸರ್. ಸೋಮವಾರ ಮೊದಲ ಬಸ್ಸಿಗೆ ಹೊರಡ್ತೀವಿ. ಸರ್ಟಿಫೈಡ್ ಕಾಪಿ ಕೈಗೆ ಬಂದಿದೆ. ಕಾನೂನು ಸೇವಾ ಸಮಿತಿಯವರು ಫೋನಿನಲ್ಲಿ "ವಕಾಲತ್ತಿಗೆ ಹೆಬ್ಬೆಟ್ಟೋ, ಸಹಿಯೋ" ಅಂತ ಕೇಳಿದರು. ಅತ್ತೆಗೆ ಸಹಿ ಹಾಕೋಕೆ ಬರುತ್ತೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ ಅಂತ ಹೇಳಿದ್ದೀನಿ. ರಾತ್ರಿಯಿಂದ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ಬರೆದು ನೋಡ್ತಿದ್ದಾರೆ.